ಬೆಲ್ಲದ ರಿಜಿಸ್ಟರ್

ನಾನು ವಕೀಲನಲ್ಲ, ಡಾಕ್ಟರೂ ಅಲ್ಲ. ಬೆಂಗಳೂರಿನ ಒಂದು ಬ್ರೇಕ್ ಲೈನಿಂಗ್ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತನಾಗಿದ್ದವನು. ಟೋಕನ್ ನಂಬರು, ಹಾಜರಿ, ಓಟಿ, ರಜೆ ಚೀಟಿ. ಇಷ್ಟೇ ನನ್ನ ಪ್ರಪಂಚ. ಆ ಕಾರ್ಖಾನೆ ಮುಚ್ಚಿ ಬಹಳ ವರ್ಷವಾಯಿತು. ಈಗ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಈಜುಕೊಳವೂ ಇದೆಯಂತೆ.

ಒಂದು ಭಾನುವಾರ ಮಿಕ್ಸಿಂಗ್ ಡಿಪಾರ್ಟ್‌ಮೆಂಟಿನ ಅಣ್ಣ ಮನೆಗೆ ಬಂದರು. ಜೊತೆಗೆ ಅತ್ತಿಗೆ. ನಮ್ಮದು ಮೊದಲನೇ ಮಹಡಿ. ಹದಿನೆಂಟು ಮೆಟ್ಟಿಲು ಹತ್ತಲು ಅಣ್ಣ ಮೂರು ಕಡೆ ನಿಂತರು. ಒಂದು ಕಾಲದಲ್ಲಿ ಐವತ್ತು ಕಿಲೋ ಚೀಲವನ್ನು ಹೆಗಲ ಮೇಲೆ ಎಸೆದುಕೊಳ್ಳುತ್ತಿದ್ದ ಮನುಷ್ಯ. ಎರಡು ಸಲ ಟಿಬಿ ಕೋರ್ಸ್ ಮುಗಿಸಿದ್ದರು, ಕಫದಲ್ಲಿ ಮಾತ್ರ ಟಿಬಿ ಯಾವತ್ತೂ ಸಿಕ್ಕಿರಲಿಲ್ಲ. ಕೊನೆಗೆ ಒಬ್ಬ ಡಾಕ್ಟರು ಬೆನ್ನ ಕೆಳಭಾಗಕ್ಕೆ ಸ್ಟೆತ್ ಇಟ್ಟು ಸುಮಾರು ಹೊತ್ತು ಕೇಳಿ, "ಏನು ಕೆಲಸ ಮಾಡ್ತಿದ್ರಿ?" ಅಂದರಂತೆ. ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. "ಆ ಕೆಲಸಕ್ಕೆ ಕಾಗದ ಏನಾದ್ರೂ ಇದ್ರೆ ತನ್ನಿ" ಅಂತಲೂ ಹೇಳಿದ್ದರು.

ಕಾಗದ ಅಂದರೆ ನಾನೇ ಅಲ್ವಾ?

ಮಿಕ್ಸಿಂಗ್ ಅಂದರೆ ಚೀಲ ಕುಯ್ದು ಮಿಕ್ಸರಿಗೆ ಸುರಿಯುವ ಕೆಲಸ. ರೆಸಿನ್, ಹಿತ್ತಾಳೆ ಚೂರು, ಆಸ್ಬೆಸ್ಟಾಸ್. ನಿಘಂಟಿನಲ್ಲಿ ಅದಕ್ಕೆ ಕಲ್ನಾರು ಅಂತ ಚೆಂದದ ಹೆಸರಿದೆ. ನಾವು ಪೌಡರ್ ಅನ್ನುತ್ತಿದ್ದೆವು. ಅದರ ಎಳೆ ಶ್ವಾಸಕೋಶಕ್ಕೆ ಹೋಗಿ ಕೂತರೆ ರೋಗ ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು, ಕೆಲವರಲ್ಲಿ ನಲವತ್ತು ವರ್ಷವೂ ಆಗುತ್ತದೆ. ಅಷ್ಟರಲ್ಲಿ ಮೇಸ್ತ್ರಿ ತೀರಿಕೊಂಡಿರುತ್ತಾನೆ, ಕಾರ್ಖಾನೆ ಮುಚ್ಚಿರುತ್ತದೆ.

ಮೊದಲು ನಾನು ಮಾಡಿದ್ದು ತಪ್ಪು ಕೆಲಸ. ಮೆಡಿಕಲ್ ಫೈಲಿನ ಹಿಂದೆ ಬಿದ್ದೆ. ವರ್ಷಕ್ಕೊಮ್ಮೆ ಗೇಟಿನ ಬಳಿ ಎಕ್ಸ್‌ರೇ ವ್ಯಾನ್ ಬಂದು ನಿಲ್ಲುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಯಾರು ಯಾವಾಗ ಹೋಗಬೇಕು ಅನ್ನುವ ಪಟ್ಟಿ ಮಾಡುತ್ತಿದ್ದವನು ನಾನೇ. ರಿಪೋರ್ಟ್ ಮಾತ್ರ ಯಾರ ಕೈಗೂ ಬಂದದ್ದಿಲ್ಲ. ಕಾನೂನು ನಮ್ಮ ಕಡೆಗೇ ಇತ್ತು. 1987ರ ತಿದ್ದುಪಡಿಯ ನಂತರ ಕಾರ್ಖಾನೆ ಕಾಯ್ದೆಯಲ್ಲಿ ಅಪಾಯಕಾರಿ ಕೆಲಸ ಮಾಡುವವನಿಗೆ ತನ್ನ ಆರೋಗ್ಯದ ದಾಖಲೆ ನೋಡುವ ಹಕ್ಕು ಬಂತು. 1995ರ ಜನವರಿ 27ರಂದು ಸುಪ್ರೀಂ ಕೋರ್ಟು ಇನ್ನೂ ಬಿಗಿಯಾಗಿ ಹೇಳಿತು. ಆಸ್ಬೆಸ್ಟಾಸ್ ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಜಾಸ್ತಿಯೋ ಅಲ್ಲಿಯವರೆಗೆ ಇಡಬೇಕು. ಇದನ್ನೆಲ್ಲ ಬರೆದು, ಅಣ್ಣನ ಸಹಿ ಹಾಕಿಸಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಂಪನಿಯ ಹೊಸ ವಿಳಾಸಕ್ಕೆ ಕಳಿಸಿದೆ. ಎರಡು ತಿಂಗಳಾದ ಮೇಲೆ ಎರಡು ಸಾಲಿನ ಉತ್ತರ ಬಂತು. ಹಳೆಯ ದಾಖಲೆಗಳನ್ನು ನಿಯಮದಂತೆ ನಾಶ ಮಾಡಲಾಗಿದೆ. ಯಾವ ನಿಯಮ ಅಂತ ಬರೆದಿರಲಿಲ್ಲ.

ಸಿಟ್ಟಿನಲ್ಲಿದ್ದಾಗ ನಮ್ಮ ಯೂನಿಯನ್ ವಕೀಲರು ಒಂದು ಕಥೆ ಹೇಳಿದರು. ಅಮೆರಿಕದಲ್ಲಿ ರೇಬೆಸ್ಟಾಸ್-ಮ್ಯಾನ್‌ಹಟನ್ ಅಂತ ಒಂದು ಕಂಪನಿ. ನಮ್ಮ ಹಾಗೆ ಬ್ರೇಕ್ ಲೈನಿಂಗ್ ಮಾಡುತ್ತಿದ್ದವರೇ. ಅದರ ಅಧ್ಯಕ್ಷ ಸಮ್ನರ್ ಸಿಂಪ್ಸನ್ 1935ರ ಅಕ್ಟೋಬರಿನಲ್ಲಿ ಜಾನ್ಸ್-ಮ್ಯಾನ್ವಿಲ್ ಕಂಪನಿಯ ವಕೀಲನಿಗೆ ಪತ್ರ ಬರೆದ. ಆಸ್ಬೆಸ್ಟಾಸ್ ವಿಷಯದಲ್ಲಿ ಮಾತು ಕಡಿಮೆಯಾದಷ್ಟೂ ನಮಗೇ ಒಳ್ಳೆಯದು ಅನ್ನುವುದು ಅದರ ತಿರುಳು. ಆ ವಕೀಲನೂ ಹೌದೌದು ಅಂತ ಉತ್ತರ ಬರೆದ. ಬ್ರಿಟನ್ನಿನಲ್ಲಿ ಈ ಧೂಳು ಶ್ವಾಸಕೋಶ ತಿನ್ನುತ್ತದೆ ಅನ್ನುವ ಸರ್ಕಾರಿ ವರದಿ 1930ರಲ್ಲೇ ಬಂದಿತ್ತು. ಸಿಂಪ್ಸನ್ನನ ಪತ್ರಗಳು ಹೊರಗೆ ಬಂದದ್ದು 1977ರಲ್ಲಿ, ಕೋರ್ಟು ಕೇಸುಗಳ ನಡುವೆ.

ಕೇಳಿ ನನಗೆ ಖುಷಿಯೇನೂ ಆಗಲಿಲ್ಲ. ದೊಡ್ಡವರ ಕಪಾಟಿನ ಬೀಗದ ಕೈ ಗುಮಾಸ್ತನಿಗೆ ಸಿಗುವುದಿಲ್ಲ. ಆದರೆ ಮನೆಗೆ ಬರುವ ದಾರಿಯಲ್ಲಿ, ಬಿಎಂಟಿಸಿ ಬಸ್ಸಿನಲ್ಲಿ, ಒಂದು ಯೋಚನೆ ಬಂತು. ಕಂಪನಿ ಸುಟ್ಟಿರುವುದು ತನ್ನ ಹತ್ತಿರ ಇದ್ದ ಕಾಗದವನ್ನು ತಾನೆ? ಆಫೀಸಿನಿಂದ ಹೊರಗೆ ಹೋದ ಕಾಗದ ಎಷ್ಟಿತ್ತು! ಪ್ರತಿ ತಿಂಗಳೂ ನಾನೇ ಕೈಯಾರೆ ಹಂಚುತ್ತಿದ್ದೆ.

ಅಣ್ಣನ ಮನೆಯ ಟ್ರಂಕಿನಿಂದ ಶುರು ಮಾಡಿದೆ. ಪಿಎಫ್ ಸ್ಲಿಪ್ಪುಗಳು ಸಿಕ್ಕವು. ಎಷ್ಟು ವರ್ಷ ಕೆಲಸ ಮಾಡಿದರು ಅನ್ನುವುದಕ್ಕೆ ಅದು ಸಾಕು, ಯಾವ ಡಿಪಾರ್ಟ್‌ಮೆಂಟ್ ಅನ್ನುವುದು ಅದರಲ್ಲಿರುವುದಿಲ್ಲ. ಸಂಬಳದ ಚೀಟಿಯಲ್ಲಿ ಡಸ್ಟ್ ಅಲೊಯನ್ಸ್ ಅನ್ನುವ ಕಾಲಂ ಇತ್ತು. ಅಣ್ಣನಿಗೆ ಇತ್ತು, ನನ್ನ ಚೀಟಿಯಲ್ಲಿ ಆ ಜಾಗ ಖಾಲಿ. ಪಕ್ಕಪಕ್ಕ ಇಟ್ಟು ಜೆರಾಕ್ಸ್ ಮಾಡಿಸಿದೆ. ಆಮೇಲೆ 12(3) ಒಪ್ಪಂದದ ಪುಸ್ತಕ. 12(3) ಅಂದರೆ ಕೈಗಾರಿಕಾ ವಿವಾದ ಕಾಯ್ದೆಯ ಒಂದು ಕಲಂ. ಯೂನಿಯನ್ನೂ ಕಂಪನಿಯೂ ಲೇಬರ್ ಆಫೀಸರ ಮುಂದೆ ಸಹಿ ಹಾಕುವ ಒಪ್ಪಂದವನ್ನು ಪುಟ್ಟ ಪುಸ್ತಕ ಮಾಡಿ ಹಂಚುತ್ತಿದ್ದರು, ಗೊತ್ತಲ್ಲ. ಯಾವ ಯಾವ ಡಿಪಾರ್ಟ್‌ಮೆಂಟಿಗೆ ಧೂಳಿನ ಭತ್ಯೆ ಅನ್ನುವುದು ಅದರಲ್ಲಿ ಹೆಸರು ಸಮೇತ ಅಚ್ಚಾಗಿದೆ. ಮೊದಲನೇ ಹೆಸರೇ ಮಿಕ್ಸಿಂಗ್. ಕೆಳಗೆ ಮ್ಯಾನೇಜ್‌ಮೆಂಟ್ ಸಹಿ.

ಧೂಳು ಇತ್ತು ಅಂತ ಆಯಿತು. ಯಾವ ಧೂಳು? ಅದಕ್ಕೆ ಅಕೌಂಟ್ಸಿನ ಗೆಳೆಯ ನೆನಪಾದ. ಅವನ ಹತ್ತಿರ ಕಂಪನಿಯ ಹತ್ತು ಷೇರು ಇದ್ದವು. ಷೇರುದಾರ ಅಂದಮೇಲೆ ವರ್ಷ ವರ್ಷ ವಾರ್ಷಿಕ ವರದಿ ಮನೆಗೆ ಬರುತ್ತಿತ್ತು. ಅವನ ಹೆಂಡತಿ ಅದನ್ನು ಬೀರುವಿನ ತಟ್ಟೆಗೆ ಹಾಸಿದ್ದರು! ಹಳೆಯ ಕಂಪನಿ ಕಾಯ್ದೆಯ ಪ್ರಕಾರ ಬ್ಯಾಲೆನ್ಸ್ ಶೀಟಿನ ಹಿಂದೆ ಮುಖ್ಯ ಕಚ್ಚಾವಸ್ತು ಎಷ್ಟು ಬಳಸಿದೆವು ಅಂತ ತೂಕ, ಬೆಲೆ ಎರಡನ್ನೂ ಕೊಡಬೇಕಿತ್ತು. ಈಗಿನ ವರದಿಗಳಲ್ಲಿ ಆ ತೂಕದ ಪಟ್ಟಿ ಹುಡುಕಿದರೆ ಸಿಗುವುದಿಲ್ಲ. ಹಳೆಯದರಲ್ಲಿ, ಸೀರೆಗಳ ಅಡಿಯಿಂದ ಎಳೆದದ್ದರಲ್ಲಿ, ಸ್ಪಷ್ಟವಾಗಿ ಇತ್ತು: ಆಸ್ಬೆಸ್ಟಾಸ್ ಫೈಬರ್, ಇಷ್ಟು ಟನ್, ಆಮದು. ಕಂಪನಿಯ ಮುಚ್ಚಿಟ್ಟ ಗುಟ್ಟಲ್ಲ ಅದು. ಆಡಿಟರ್ ಸಹಿ ಮಾಡಿ ಅಂಚೆಯಲ್ಲಿ ಕಳಿಸಿದ್ದು.

ಮಾಹಿತಿ ಹಕ್ಕಿನಲ್ಲೂ ಅರ್ಜಿ ಹಾಕಿದೆ. ಮೊದಲನೆಯದು ತಿರಸ್ಕಾರವಾಯಿತು, ನನ್ನದೇ ತಪ್ಪು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನಾನು ಮೂರು ಪುಟ ದುಃಖ ತೋಡಿಕೊಂಡಿದ್ದೆ. ಎರಡನೇ ಸಲ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಒಂದೇ ಸಾಲು ಕೇಳಿದೆ: ಮಂಜೂರಾದ ನಕ್ಷೆಯ ನಕಲು. ಬಂತು. ಮಿಕ್ಸಿಂಗ್ ರೂಮಿನ ಎಕ್ಸಾಸ್ಟ್ ಫ್ಯಾನ್ ಎಲ್ಲಿಗೆ ಬಾಯಿ ತೆರೆದಿತ್ತು ಅಂತ ಅದರಲ್ಲಿ ನೋಡಿದೆ. ಕ್ಯಾಂಟೀನಿನ ಹಿಂಬಾಗಿಲ ಕಡೆಗೆ.

ಕ್ಯಾಂಟೀನ್ ಅಂದಾಗಲೇ ಬೆಲ್ಲ ನೆನಪಾದದ್ದು. ಧೂಳಿನ ಕೆಲಸದವರಿಗೆ ದಿನಾ ಒಂದು ತುಂಡು ಬೆಲ್ಲ. ತಿಂದರೆ ಧೂಳು ಇಳಿದುಹೋಗುತ್ತದೆ ಅನ್ನುವ ನಂಬಿಕೆ. ಬೆಲ್ಲ ಹೋಗುವುದು ಹೊಟ್ಟೆಗೆ, ಪೌಡರ್ ಹೋಗುವುದು ಶ್ವಾಸಕೋಶಕ್ಕೆ. ಅದನ್ನು ಯಾರೂ ಹೇಳಲಿಲ್ಲ. ಆದರೆ ಬೆಲ್ಲಕ್ಕೆ ಲೆಕ್ಕ ಇಡುತ್ತಿದ್ದರು. ಸುಮ್ನೆ ಯಾರಾದರೂ ಬೆಲ್ಲ ಕೊಡುತ್ತಾರಾ? ಟೋಕನ್ ನೋಡಿಯೇ ಕೊಡಬೇಕು.

ಕ್ಯಾಂಟೀನ್ ಸೂಪರ್‌ವೈಸರ್ ದಾಸರಹಳ್ಳಿಯಲ್ಲಿದ್ದರು. ವಯಸ್ಸು ಎಂಬತ್ತರ ಹತ್ತಿರ. "ಅಯ್ಯೋ, ಅರ್ಧ ಖಾಲಿ ಬುಕ್ಕು ಯಾಕೆ ಎಸೀಬೇಕು ಅಂತ ತಂದಿದ್ದೆ ಮಾರಾಯ" ಅಂತ ಅಟ್ಟದಿಂದ ನಾಲ್ಕು ರಿಜಿಸ್ಟರ್ ಇಳಿಸಿದರು. ಕೆಂಪು ಬಟ್ಟೆ ಬೈಂಡಿಂಗ್. ಹಿಂದಿನ ಹಾಳೆಗಳಲ್ಲಿ ಅವರ ಮಗಳ ಗುಣಾಕಾರದ ಲೆಕ್ಕ, ಹಾಲಿನವನ ಬಾಕಿ. ಮುಂದಿನ ಹಾಳೆಗಳಲ್ಲಿ ತಾರೀಖು, ಟೋಕನ್, ಡಿಪಾರ್ಟ್‌ಮೆಂಟ್, ಗ್ರಾಂ, ಸಹಿ. ಸಹಿ ಬಾರದವರ ಹೆಬ್ಬೆಟ್ಟು. ಕೆಲವು ಹೆಬ್ಬೆಟ್ಟಿನ ಮೇಲೆ ಬೆಲ್ಲದ ಅಂಟಿಗೆ ಎದುರಿನ ಹಾಳೆ ಕಚ್ಚಿಕೊಂಡಿತ್ತು. ಬ್ಲೇಡಿನಿಂದ ಬಿಡಿಸಬೇಕಾಯಿತು. ಅಣ್ಣನ ಟೋಕನ್ ಹನ್ನೊಂದು ವರ್ಷ, ರಜೆಯ ದಿನ ಬಿಟ್ಟು, ಸಾಲು ಸಾಲಾಗಿ ಇತ್ತು. ದಿನದ ಲೆಕ್ಕದಲ್ಲಿ ಅವರು ಆ ಧೂಳಿನಲ್ಲಿ ನಿಂತದ್ದಕ್ಕೆ ಕಂಪನಿಯೇ ಬರೆದ ಪುಸ್ತಕ.

ರಿಜಿಸ್ಟರನ್ನು ಅವತ್ತೇ ತರಲಿಲ್ಲ. ಇದನ್ನು ಗಮನಿಸಿ. ಮೊದಲು ಅಲ್ಲೇ ಎಲ್ಲ ಪುಟದ ಫೋಟೋ ತೆಗೆದೆ, ಮಗಳ ಲೆಕ್ಕದ ಪುಟಗಳೂ ಸೇರಿ. ಪುಟ ಬಿಟ್ಟರೆ ನಾಳೆ ಎದುರು ಪಾರ್ಟಿ ಅದನ್ನೇ ಹಿಡಿಯುತ್ತದೆ. ವಾರ ಬಿಟ್ಟು ವಕೀಲರ ಜೊತೆ ಹೋಗಿ, ಯಾರು ಬರೆದದ್ದು, ಎಲ್ಲಿತ್ತು, ಯಾವಾಗ ಕೊಟ್ಟೆ ಅಂತ ಸೂಪರ್‌ವೈಸರ್ ಹತ್ತಿರ ಅಫಿಡವಿಟ್ ಮಾಡಿಸಿ ತಂದೆವು.

ಆಮೇಲೆ ಎಲ್ಲವನ್ನೂ ಒಂದೇ ಹಾಳೆಗೆ ಇಳಿಸಿದೆ. ಎಡಗಡೆ ವರ್ಷ, ನಡುವೆ ಡಿಪಾರ್ಟ್‌ಮೆಂಟ್, ಬಲಗಡೆ ಯಾವ ಕಾಗದ. ಡಾಕ್ಟರಿಗೆ ಕೊಟ್ಟದ್ದು ಆ ಒಂದು ಹಾಳೆಯನ್ನೇ, ಕಟ್ಟನ್ನಲ್ಲ. ಅವರು ಸಿಟಿ ಸ್ಕ್ಯಾನ್ ಮಾಡಿಸಿದರು. ಶ್ವಾಸಕೋಶದ ಹೊರಪೊರೆಯಲ್ಲಿ ಸುಣ್ಣಗಟ್ಟಿದ ಕಲೆಗಳು, ಕೆಳಭಾಗವೆಲ್ಲ ಗಟ್ಟಿ. ಟಿಬಿ ಅಲ್ಲ, ಆಸ್ಬೆಸ್ಟೋಸಿಸ್ ಅಂತ ಬರೆದುಕೊಟ್ಟರು. ಪರಿಹಾರದ ಅರ್ಜಿ ಹಾಕಿದ್ದೇವೆ. ಎರಡು ಸಲ ಮುಂದಕ್ಕೆ ಹೋಗಿದೆ.

ಹೋದ ತಿಂಗಳು ಅರ್ಜಿಯ ನಕಲು ಕೊಡಲು ಹೋಗಿದ್ದೆ. ಅತ್ತಿಗೆ ಕಾಫಿ ತಂದಿಟ್ಟರು, ಬಾಗಿಲಿಗೆ ಒರಗಿ ಕೆಮ್ಮಿದರು. ಅಣ್ಣನ ಯೂನಿಫಾರಂ ದಿನಾ ಹಿತ್ತಲಲ್ಲಿ ಕೊಡವಿ, ಬಕೆಟ್ಟಿಗೆ ಹಾಕುತ್ತಿದ್ದವರು ಅವರು. "ನಾನು ಫ್ಯಾಕ್ಟ್ರಿ ಗೇಟೇ ನೋಡ್ಲಿಲ್ವಲ್ಲಪ್ಪ, ನನ್ನ ಹೆಸರು ಎಲ್ಲಿರುತ್ತೆ?" ಅಂದರು, ನಕ್ಕುಕೊಂಡೇ. ಅವರಿಗೂ ಸ್ಕ್ಯಾನ್ ಮಾಡಿಸಿ ಅಂತ ಹೇಳಿ ಬಂದೆ. ರಾತ್ರಿ 12(3) ಪುಸ್ತಕ ಮತ್ತೆ ತೆಗೆದೆ. ಧೂಳಿನ ಭತ್ಯೆಯ ಕೆಳಗೆ ಇನ್ನೊಂದು ಸಾಲು ಇತ್ತು, ಇಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲ. ಯೂನಿಫಾರಂ ಮನೆಯಲ್ಲಿ ಒಗೆದುಕೊಳ್ಳುವುದಕ್ಕೆ ವಾಷಿಂಗ್ ಅಲೊಯನ್ಸ್, ತಿಂಗಳಿಗೆ ಹನ್ನೆರಡು ರೂಪಾಯಿ. ಆ ಪುಟದ ಮೂಲೆ ಮಡಿಸಿಟ್ಟಿದ್ದೇನೆ.