ಕೆಆರ್‌ಎಸ್ ನೀರಿನ ಲೆಕ್ಕ, ಚುಕ್ಕಿಗಳಲ್ಲಿ

ಮಳೆಗಾಲ ಬಂತೆಂದರೆ ಮಂಡ್ಯದವರು ಪೇಪರ್‌ನಲ್ಲಿ ಮೊದಲು ಹುಡುಕುವುದು ಕೆಆರ್‌ಎಸ್ ಅಣೆಕಟ್ಟೆಯ ನೀರಿನ ಮಟ್ಟವನ್ನು, ಅಲ್ವಾ? ಸಂಗ್ರಹ, ಒಳಹರಿವು, ಹೊರಹರಿವು ಕೂಡ ಪಕ್ಕದಲ್ಲೇ ಇರುತ್ತವೆ. ಇವುಗಳಲ್ಲಿ ಎರಡನ್ನು ಜೋಡಿ ಮಾಡಿ ಚುಕ್ಕಿ ಇಟ್ಟರೆ ಅವುಗಳ ನಂಟು ಕಣ್ಣಿಗೇ ಕಾಣುತ್ತದೆ. ಈ ಚಿತ್ರವೇ ಸ್ಕ್ಯಾಟರ್ ಪ್ಲಾಟ್.

ಮೊದಲು ಮಟ್ಟ ಮತ್ತು ಸಂಗ್ರಹ ತೆಗೆದುಕೊಳ್ಳಿ. ಗ್ರಾಫ್ ಹಾಳೆಯಲ್ಲಿ ಅಡ್ಡ ಗೆರೆಗೆ ಮಟ್ಟ, 80ರಿಂದ 125 ಅಡಿ. ನಿಂತ ಗೆರೆಗೆ ಸಂಗ್ರಹ, 0ಯಿಂದ 50 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಒಂದು ದಿನಕ್ಕೆ ಒಂದೇ ಚುಕ್ಕಿ. ಚುಕ್ಕಿಗಳನ್ನು ಗೆರೆ ಎಳೆದು ಸೇರಿಸಬೇಡಿ. ಎಕ್ಸೆಲ್‌ನಲ್ಲಾದರೆ ಎರಡೂ ಕಾಲಂ ಆರಿಸಿ, ಇನ್ಸರ್ಟ್‌ಗೆ ಹೋಗಿ ಸ್ಕ್ಯಾಟರ್ ಒತ್ತಿ. ಲೈನ್ ಚಾರ್ಟ್ ಬೇಡ.

ಚುಕ್ಕಿಗಳು ಎಡದಿಂದ ಬಲಕ್ಕೆ ಏರುತ್ತವೆ. ಒಂದು ಜಾಸ್ತಿಯಾದರೆ ಇನ್ನೊಂದೂ ಜಾಸ್ತಿ ಎಂದರ್ಥ. ಆದರೆ ಸಾಲು ನೇರವಾಗಿಲ್ಲ, ಮೇಲೆ ಹೋದಂತೆ ಕಡಿದಾಗುತ್ತದೆ. ಯಾಕೆ? ನೀರು ಏರಿದಷ್ಟೂ ಹಿನ್ನೀರು ಅಗಲಕ್ಕೆ ಹರಡುತ್ತದೆ. ಹಾಗಾಗಿ ಭರ್ತಿ ಮಟ್ಟವಾದ 124.80 ಅಡಿಯ ಹತ್ತಿರ ಒಂದೇ ಒಂದು ಅಡಿ ಏರಲು ಬೇಕಾಗುವ ನೀರು, ತಳದಲ್ಲಿ ಒಂದು ಅಡಿಗೆ ಬೇಕಾಗುವುದಕ್ಕಿಂತ ಎಷ್ಟೋ ಹೆಚ್ಚು. 'ಇನ್ನೇನು ತುಂಬಿತು' ಎಂದು ಕಾಯುವವರಿಗೆ ಕೊನೆಯ ಅಡಿಗಳು ಯಾಕೆ ಸತಾಯಿಸುತ್ತವೆ ಎಂಬುದು ಈ ಬಾಗಿನಲ್ಲೇ ಇದೆ. ನನಗೆ ಬಹಳ ಇಷ್ಟದ ಚಿತ್ರ ಇದು.

ಒಂದು ಚುಕ್ಕಿ ಮಾತ್ರ ಸಾಲು ಬಿಟ್ಟು ದೂರ ಕೂತಿದ್ದರೆ ಅಂಕಿಯನ್ನು ಮತ್ತೊಮ್ಮೆ ನೋಡಿ. ಅಚ್ಚಿನ ತಪ್ಪಿರಬಹುದು. ಸುಮ್ನೆ ಅಳಿಸಬೇಡಿ.

ಈಗ ಒಳಹರಿವು ಮತ್ತು ಹೊರಹರಿವು. ಇಲ್ಲಿ ಒಂದೇ ಸಾಲು ಸಿಗದು. ಅಣೆಕಟ್ಟೆ ತುಂಬುವಾಗ ಒಳಹರಿವು ಜಾಸ್ತಿ, ಹೊರಹರಿವು ಕಡಿಮೆ. ತುಂಬಿದ ಮೇಲೆ ಬಂದಷ್ಟನ್ನು ಬಿಡಲೇಬೇಕು. ಬೇಸಿಗೆಯಲ್ಲಿ ನಾಲೆಗೆ ಬಿಟ್ಟರೆ ಒಳಗೆ ಬರುವುದಕ್ಕಿಂತ ಹೊರಗೆ ಹೋಗುವುದೇ ಹೆಚ್ಚು. ತಿಂಗಳಿಗೊಂದು ಬಣ್ಣ ಕೊಟ್ಟರೆ ಗುಂಪುಗಳು ಬೇರೆಯಾಗಿ ಕಾಣುತ್ತವೆ.

ಕಾರಣವನ್ನು ಮಾತ್ರ ಚುಕ್ಕಿಗಳು ಹೇಳುವುದಿಲ್ಲ. ಒಳಹರಿವು ಏರಿದ ವಾರ ಮೈಸೂರಿನಲ್ಲಿ ಕೊಡೆ ವ್ಯಾಪಾರವೂ ಏರಬಹುದು. ಎರಡಕ್ಕೂ ಕಾರಣ ಮಳೆ. ಅದನ್ನೇ ನೋಡಬೇಕೆಂದರೆ ಕೊಡಗಿನಲ್ಲಿ ಕಾವೇರಿ ಹುಟ್ಟುವ ಜಾಗದ ಹತ್ತಿರವಿರುವ ಭಾಗಮಂಡಲದ ಮಳೆಯನ್ನು ಒಳಹರಿವಿನ ಜೊತೆ ಇಡಿ. ನೀರು ಇಳಿದು ಬರಲು ಹೊತ್ತು ಬೇಕಲ್ಲ. ಹಾಗಾಗಿ ಅದೇ ದಿನದ, ಮರುದಿನದ, ಮೂರನೇ ದಿನದ ಒಳಹರಿವಿಗೆ ಒಂದೊಂದು ಚಿತ್ರ ಬರೆದು, ಯಾವುದರಲ್ಲಿ ಚುಕ್ಕಿಗಳು ಹೆಚ್ಚು ಒತ್ತಾಗಿ ಸಾಲುಗಟ್ಟುತ್ತವೆ ಎಂದು ಹೋಲಿಸಿ.