ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು: 1.3 ಎಂಜಿನ್ ಪರೀಕ್ಷಿಸುವುದು ಹೇಗೆ?

ಪುಣೆಯಲ್ಲಿ ಹಳೆಯ ಕಾರು ಹುಡುಕುವ ಕನ್ನಡಿಗರ ಲೆಕ್ಕ ಹೆಚ್ಚುಕಡಿಮೆ ಒಂದೇ. ವಾರವಿಡೀ ಹಿಂಜವಡಿಗೋ ಚಾಕಣಕ್ಕೋ ಡ್ಯೂಟಿ. ರಜೆ ಸಿಕ್ಕರೆ ಬೆಳಗಾವಿ, ಹುಬ್ಬಳ್ಳಿ, ವಿಜಯಪುರ. ಊರಿನ ಹಾದಿಗೆ ಡೀಸೆಲ್ಲೇ ವಾಸಿ, ಆವರೇಜ್ ಚೆನ್ನಾಗಿ ಬರುತ್ತೆ ಅಂತ ಹೊರಟರೆ ಮೊದಲು ಕಣ್ಣಿಗೆ ಬೀಳುವುದು ಸ್ವಿಫ್ಟ್, ಡಿಜೈರ್, ಎರ್ಟಿಗಾ, ಸಿಯಾಜ್, ಇಂಡಿಕಾ ವಿಸ್ಟಾ, ಪುಂಟೊ. ಹೆಸರು ಬೇರೆ ಬೇರೆ. ಡೀಸೆಲ್ ಮಾದರಿಯ ಬಾನೆಟ್ ಎತ್ತಿದರೆ ಬಹುಪಾಲು ಒಳಗಿರುವುದು ಒಂದೇ ಎಂಜಿನ್, ಫಿಯೆಟ್‌ನ 1.3 ಮಲ್ಟಿಜೆಟ್. ಮಾರುತಿಯವರು ಇದಕ್ಕೆ ಡಿಡಿಐಎಸ್ ಎಂದರು, ಟಾಟಾದವರು ಕ್ವಾಡ್ರಾಜೆಟ್ ಎಂದರು.

ಒಂದು ಲೆಕ್ಕದಲ್ಲಿ ಇದು ಪುಣೆಯದೇ ಎಂಜಿನ್. ಅಷ್ಟವಿನಾಯಕ ಯಾತ್ರೆಗೆ ಹೋದವರಿಗೆ ರಾಂಜಣಗಾವ್ ಗೊತ್ತಿರುತ್ತದೆ. ಮಹಾಗಣಪತಿ ಗುಡಿ ಇರುವ ಅದೇ ಊರಿನ ಕೈಗಾರಿಕಾ ಪ್ರದೇಶದಲ್ಲಿ ಫಿಯೆಟ್ ಕಾರ್ಖಾನೆ ಇದೆ. ಮಾರುತಿಗೆ ಬೇಕಾದ ಎಂಜಿನ್‌ಗಳು ಹರಿಯಾಣದ ಮಾನೇಸರದಲ್ಲಿ ತಯಾರಾಗುತ್ತಿದ್ದವು. ಅವೂ ಸಾಲದೆ 2012ರಲ್ಲಿ ಫಿಯೆಟ್ ಜೊತೆ ಒಪ್ಪಂದ ಮಾಡಿಕೊಂಡು ರಾಂಜಣಗಾವ್‌ನಿಂದಲೂ ತರಿಸಿಕೊಂಡರು. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಬಿಎಸ್6 ನಿಯಮ ಬಂತು, ಮಾರುತಿ ಡೀಸೆಲ್ ಕೈಬಿಟ್ಟಿತು. ಹಾಗಾಗಿ ಈಗ ಸಿಗುವುದೆಲ್ಲ ಹಳೆಯವೇ. ನೋಡಿ ತಗೊಳ್ಳೋದು ಬಿಟ್ಟು ಬೇರೆ ದಾರಿ ಇಲ್ಲ.

ಮೊದಲು ಎಂಜಿನ್ ಪರಿಚಯ

1,248 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವ್. ಬೋರ್ (ಸಿಲಿಂಡರಿನ ಅಗಲ) 69.6 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 82 ಮಿ.ಮೀ. ಎರಕದ ಕಬ್ಬಿಣದ ಬ್ಲಾಕ್, ಮೇಲೆ ಅಲ್ಯೂಮಿನಿಯಂ ಹೆಡ್. ಟೈಮಿಂಗ್‌ಗೆ, ಅಂದರೆ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚಲು, ಬೆಲ್ಟ್ ಅಲ್ಲ, ಚೈನ್. ಎಲ್ಲ ಇಂಜೆಕ್ಟರ್‌ಗಳಿಗೂ ಡೀಸೆಲ್ ಕೊಡುವ ಕಾಮನ್ ರೈಲ್ ಎಂಬ ಪೈಪಿನಲ್ಲಿ 1,400 ಬಾರ್‌ವರೆಗಿನ ಒತ್ತಡದಲ್ಲಿ ಡೀಸೆಲ್ ನಿಂತಿರುತ್ತದೆ. ಇಂಜೆಕ್ಟರ್‌ಗಳು ಅದನ್ನು ಒಮ್ಮೆಲೇ ಸುರಿಯದೆ ಹಲವು ಸಣ್ಣ ಕಂತುಗಳಲ್ಲಿ ಸಿಂಪಡಿಸುತ್ತವೆ. ಮಲ್ಟಿಜೆಟ್ ಎಂಬ ಹೆಸರು ಬಂದದ್ದು ಇದರಿಂದಲೇ.

ಇದರಲ್ಲಿ ಎರಡು ರೂಪ. ಸ್ವಿಫ್ಟ್, ಡಿಜೈರ್, ರಿಟ್ಜ್‌ಗಳಲ್ಲಿ ಬಂದದ್ದು ಸಾದಾ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಚಕ್ರ): 75 ಪಿಎಸ್ ಶಕ್ತಿ, 2,000 ಆರ್‌ಪಿಎಂನಲ್ಲಿ 190 ಎನ್‌ಎಂ ಟಾರ್ಕ್ (ಎಳೆಯುವ ಬಲ). ಎರ್ಟಿಗಾ, ಸಿಯಾಜ್, ಬ್ರೆಜಾ, ಮಾಂಜಾಗಳಲ್ಲಿ ಬಂದದ್ದು ಬ್ಲೇಡ್‌ಗಳ ಕೋನ ಬದಲಾಗುವ ವಿಜಿಟಿ ಟರ್ಬೊ: 90 ಪಿಎಸ್, 200 ಎನ್‌ಎಂ. ಹೆದ್ದಾರಿಯಲ್ಲಿ 90ರದ್ದು ಚುರುಕು. ಆದರೆ ಊರೊಳಗೇ ಹೆಚ್ಚು ಓಡಿಸುವವರಿಗೆ ನನ್ನ ಮತ ಸಾದಾ 75ಕ್ಕೆ. ವಿಜಿಟಿಯ ಬ್ಲೇಡ್‌ಗಳಲ್ಲಿ ಮಸಿ ಸೇರಿದರೆ ಅವು ಅಂಟಿಕೊಳ್ಳುತ್ತವೆ. ಸಾದಾ ಟರ್ಬೊಗೆ ಆ ಕಾಟ ಇಲ್ಲ.

ಈ ಎಂಜಿನ್ ಕೆಟ್ಟದ್ದಲ್ಲ. ಆದರೆ ಒಂದು ಸಂಗತಿ ತಲೆಯಲ್ಲಿ ಇಟ್ಟುಕೊಳ್ಳಿ. ಇದರಲ್ಲಿ ಹಿಡಿಸುವ ಆಯಿಲ್ ಸುಮಾರು ಮೂರು ಲೀಟರ್ ಅಷ್ಟೇ. ಚೈನ್‌ಗೆ ಅದೇ ಆಯಿಲ್. ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದು ಅದೇ ಆಯಿಲ್‌ನ ಒತ್ತಡದಿಂದ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಟರ್ಬೊ ಶಾಫ್ಟ್ ತೇಲುವುದೂ ಅದರ ಮೇಲೆಯೇ. ಒಂದು ಲೀಟರ್ ಕಡಿಮೆಯಾದರೆ ಮೂರರಲ್ಲಿ ಒಂದು ಪಾಲು ಹೋದ ಹಾಗೆ. ಆದ್ದರಿಂದ ಮೀಟರ್‌ನಲ್ಲಿ ಎಷ್ಟು ಕಿಲೋಮೀಟರ್ ಇದೆ ಅನ್ನೋದಕ್ಕಿಂತ ಆಯಿಲ್ ಯಾವಾಗ ಯಾವಾಗ ಬದಲಾಗಿದೆ ಅನ್ನೋದು ಮುಖ್ಯ. ಬಿಲ್ ಸಮೇತ 1.4 ಲಕ್ಷ ಓಡಿದ ಗಾಡಿಯನ್ನು ನಾನು ಕಣ್ಣು ಮುಚ್ಚಿ ನೋಡಲು ಹೋಗುತ್ತೇನೆ. ಬಿಲ್ಲೇ ಇಲ್ಲದ 60 ಸಾವಿರದ ಗಾಡಿಗೆ ಹೋಗುವುದಿಲ್ಲ.

ಹೆಜ್ಜೆ 1: ಕಾಗದ

ಸರ್ವೀಸ್ ಬಿಲ್‌ಗಳನ್ನು ಕೇಳಿ, ತಾರೀಖು ಮತ್ತು ಕಿ.ಮೀ. ಜೋಡಿಸಿ ನೋಡಿ. ಆಮೇಲೆ ಆರ್‌ಸಿ. ಈಗ ಎಂಎಚ್ 12 ಅಥವಾ 14 ನಂಬರ್ ಇದ್ದರೂ ಮೊದಲು ನೋಂದಣಿಯಾದದ್ದು ಎಲ್ಲಿ ಅಂತ ವಿಚಾರಿಸಿ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳನ್ನು ದೆಹಲಿಯಲ್ಲಿ ಓಡಿಸಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಕೊಟ್ಟ ಮೇಲೆ ದೆಹಲಿಯ ಗಾಡಿಗಳು ಅಗ್ಗಕ್ಕೆ ಬೇರೆ ರಾಜ್ಯಗಳಿಗೆ ಇಳಿದವು. ಅದರಲ್ಲಿ ಒಳ್ಳೆಯವೂ ಇವೆ, ಆದರೆ ಇತಿಹಾಸ ಗೊತ್ತಿರಲಿ. ಊರಿನ ಮಾವನ ಕೆಎ ನಂಬರ್ ಗಾಡಿ ತಂದು ಇಲ್ಲಿ ಓಡಿಸುವ ಯೋಚನೆ ಇದ್ದರೆ, 12 ತಿಂಗಳು ಮೀರಿದ ಮೇಲೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಇಲ್ಲೇ ನೋಂದಣಿ ಮಾಡಿಸಬೇಕು, ತೆರಿಗೆಯನ್ನೂ ಕಟ್ಟಬೇಕು. ಆ ಖರ್ಚನ್ನೂ ಸೇರಿಸಿಕೊಳ್ಳಿ.

ಹೆಜ್ಜೆ 2: ತಣ್ಣಗಿನ ಎಂಜಿನ್

ಬೆಳಗ್ಗೆ ಏಳಕ್ಕೇ ಹೋಗಿ. ಸ್ಟಾರ್ಟ್ ಮಾಡುವ ಮುನ್ನ ಬಾನೆಟ್ ಎತ್ತಿಸಿ ಎಂಜಿನ್ ಮೇಲೆ ಕೈ ಇಟ್ಟು ನೋಡಿ. ಭೋಸರಿಯಲ್ಲಿ ಗ್ಯಾರೇಜ್ ಇಟ್ಟಿರುವ ನಮ್ಮ ವಿಜಯಪುರ ಕಡೆಯ ಮಿಸ್ತ್ರಿಯೊಬ್ಬರು ಗಾಡಿ ನೋಡಲು ಬರುವ ಮುಂಚೆ ಫೋನಿನಲ್ಲೇ ಹೇಳಿಬಿಡುತ್ತಾರೆ: "ರಾತ್ರಿ ಇಡೀ ನಿಂತ ಗಾಡಿ ಇರಬೇಕ್ರಿ ಸಾಹೇಬ್ರ. ಬಿಸಿ ಮಾಡಿ ಇಟ್ಟಿದ್ರ ಅಲ್ಲಿಂದಾನ ವಾಪಸ್ ಬರ್ರಿ."

ಮಾಲೀಕರು ಕೀ ತಿರುಗಿಸಿ, ತಣ್ಣಗಿನ ಎಂಜಿನ್‌ನ ಒಳಗನ್ನು ಬಿಸಿ ಮಾಡುವ ಗ್ಲೋ ಪ್ಲಗ್‌ನ ದೀಪ ಆರಲು ಬಿಟ್ಟು, ಆಮೇಲೆ ಸೆಲ್ಫ್ ಹೊಡೆಯಲಿ. ನೀವು ಒಳಗೆ ಕೂರಬೇಡಿ. ಬಾನೆಟ್ ಪಕ್ಕ, ಆಲ್ಟರ್ನೇಟರ್ ಬೆಲ್ಟ್ ಇರುವ ಬದಿಗೆ ನಿಂತು ಕಿವಿ ಕೊಡಿ. ಡೀಸೆಲ್‌ನ ಟಕಟಕ ಸದ್ದು ಹೇಗೂ ಇರುತ್ತದೆ. ಅದರ ಜೊತೆಗೆ ಡಬ್ಬಿಯೊಳಗೆ ಸರಪಳಿ ಅಲ್ಲಾಡಿಸಿದ ಹಾಗೆ ಖರಖರ ಕೇಳಿಸಿದರೆ ಅದು ಚೈನ್. ಆಯಿಲ್ ಒತ್ತಡ ಏರುವವರೆಗೆ ಅರೆಕ್ಷಣ ಬಂದು ನಿಂತರೆ ಗಾಬರಿ ಬೇಡ. ನಾಲ್ಕೈದು ಸೆಕೆಂಡಾದರೂ ನಿಲ್ಲದಿದ್ದರೆ ಚೈನ್ ಹಿಗ್ಗಿದೆ, ಇಲ್ಲವೇ ಟೆನ್ಷನರ್ ಸೋತಿದೆ. ಹತ್ತು ನಿಮಿಷ ಓಡಿಸಿದ ಮೇಲೆ ಇದೇ ಎಂಜಿನ್ ಏನೂ ಆಗಿಲ್ಲ ಅನ್ನೋ ಹಾಗೆ ಸುಮ್ನಿರುತ್ತದೆ. ಬೆಳಗ್ಗೆ ಹೋಗಿ ಅಂದದ್ದು ಅದಕ್ಕೇ.

ಚೈನ್ ಅಂದರೆ ಜೀವನಪೂರ್ತಿ ಬರುತ್ತೆ ಅಂತ ಮಾರುವವರು ಹೇಳುತ್ತಾರೆ. ಆಯಿಲ್ ಸರಿಯಾಗಿ ಕಂಡಿದ್ದರೆ ಬರುತ್ತದೆ ಕೂಡ. ಇಲ್ಲದಿದ್ದರೆ ಒಂದು ದಿನ ಚೈನ್ ಗೇರಿನ ಹಲ್ಲು ತಪ್ಪಿ ಜಾರುತ್ತದೆ, ವಾಲ್ವ್ ಮತ್ತು ಪಿಸ್ಟನ್ ಒಂದಕ್ಕೊಂದು ಬಡಿಯುತ್ತವೆ, ಹೆಡ್ ಬಿಚ್ಚಬೇಕಾಗುತ್ತದೆ.

ಹೆಜ್ಜೆ 3: ಡಿಪ್‌ಸ್ಟಿಕ್ ಮತ್ತು ಮುಚ್ಚಳ

ಆಯಿಲ್ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ನೋಡುವುದನ್ನು ಸ್ಟಾರ್ಟ್ ಮಾಡುವ ಮೊದಲೇ ಮುಗಿಸಿದರೆ ಒಳ್ಳೇದು. ಆಯಿಲ್ ಕಪ್ಪಗಿದೆ ಅಂತ ಚಿಂತೆ ಬೇಡ. ಡೀಸೆಲ್‌ನಲ್ಲಿ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ. ಮಟ್ಟ ನೋಡಿ. ಕೆಳಗಿನ ಗುರುತಿಗಿಂತ ಕಡಿಮೆ ಇದ್ದರೆ ಆ ಮಾಲೀಕರು ಡಿಪ್‌ಸ್ಟಿಕ್ ಎಳೆದು ನೋಡಿದವರಲ್ಲ. ಮೇಲಿನ ಗುರುತು ದಾಟಿದ್ದರೆ ಮೂಸಿ ನೋಡಿ. ಡೀಸೆಲ್ ವಾಸನೆ ಬಂದರೆ ಇಂಜೆಕ್ಟರ್ ಸೋರಿ ಆಯಿಲ್‌ಗೆ ಸೇರಿದೆ.

ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ. ತುಸು ಹಬೆ ಸಹಜ. ಮುಚ್ಚಳ ಕುಣಿದಾಡಿ ಹೊಗೆ ಬುಸುಗುಟ್ಟಿದರೆ ಪಿಸ್ಟನ್ ರಿಂಗ್ ಸವೆದಿವೆ.

ಹೆಜ್ಜೆ 4: ಇಂಜೆಕ್ಟರ್ ಮತ್ತು ಟರ್ಬೊ ಪೈಪು

ಮೇಲಿನ ಪ್ಲಾಸ್ಟಿಕ್ ಕವರ್ ತೆಗೆಸಿ. ಇಂಜೆಕ್ಟರ್ ಬುಡದಲ್ಲಿ ಡಾಂಬರಿನಂಥ ಕರಿ ಗಟ್ಟಿಯಾಗಿ ಕೂತಿದ್ದರೆ ಕೆಳಗಿನ ತಾಮ್ರದ ವಾಷರ್ ಹೋಗಿದೆ, ಒಳಗಿನ ಗ್ಯಾಸ್ ಹೊರಗೆ ಬರುತ್ತಿದೆ. ಚಸ್ ಚಸ್ ಎಂಬ ಸದ್ದು, ಎಸಿ ಹಾಕಿದಾಗ ಒಳಗೆ ಹೊಗೆ ವಾಸನೆ, ಎರಡೂ ಇದರ ಗುರುತು. ವಾಷರ್ ಸಣ್ಣ ಸಾಮಾನು. ಆದರೆ ವರ್ಷಗಟ್ಟಲೆ ಬಿಟ್ಟರೆ ಇಂಜೆಕ್ಟರ್ ಹೆಡ್‌ನಲ್ಲೇ ಕಚ್ಚಿಕೊಂಡು, ಬಿಚ್ಚುವುದೇ ದೊಡ್ಡ ಕೆಲಸವಾಗುತ್ತದೆ.

ಟರ್ಬೊದಿಂದ ಗಾಳಿ ತಂಪು ಮಾಡುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಪೈಪಿನಲ್ಲಿ ಬಿರುಕು ಹುಡುಕಿ. ಒಳಗೆ ತೆಳ್ಳಗೆ ಎಣ್ಣೆ ಜಿಡ್ಡು ಇದ್ದರೆ ಸರಿ, ಮಡುಗಟ್ಟಿ ನಿಂತಿದ್ದರೆ ಟರ್ಬೊ ಸೀಲ್ ಹೋಗಿದೆ. ಸಾಧ್ಯವಾದರೆ ಎಂಜಿನ್ ಆರಿಸಿ, ಏರ್ ಫಿಲ್ಟರ್ ಕಡೆಯ ಪೈಪು ತೆಗೆಸಿ, ಟರ್ಬೊ ಚಕ್ರವನ್ನು ಬೆರಳಿನಲ್ಲಿ ತಿರುಗಿಸಿ. ಅಡ್ಡಕ್ಕೆ ಕೂದಲೆಳೆಯಷ್ಟು ಆಡಿದರೆ ನಡೆಯುತ್ತದೆ. ಒಳಗೆ ಹೊರಗೆ ಆಡಿದರೆ, ರೆಕ್ಕೆ ಗೋಡೆಗೆ ತಾಗಿದ ಗೀರು ಕಂಡರೆ ಬೇಡ.

ಹೆಜ್ಜೆ 5: ಘಾಟ್ ಹತ್ತಿಸಿ

ಸೊಸೈಟಿ ಸುತ್ತ ಒಂದು ಸುತ್ತು ಸಾಲದು. ಕಾತ್ರಜ ಹಳೇ ಘಾಟ್ ಕಡೆ ಹೊರಡಿ. ಏರಿನಲ್ಲಿ ಮೂರನೇ ಗೇರ್, 1,500 ಆರ್‌ಪಿಎಂ, ಅಲ್ಲಿಂದ ಪೂರ್ತಿ ಆಕ್ಸಿಲರೇಟರ್. 2,000ದವರೆಗೆ ಎಂಜಿನ್ ಮಂದ. ಅದು ಟರ್ಬೊ ಲ್ಯಾಗ್, ಇದರ ಹುಟ್ಟುಗುಣ. ಅಲ್ಲಿಂದ ಮುಂದೆ ಬೆನ್ನಿಗೆ ತಳ್ಳು ಸಿಗಬೇಕು. ಸಿಗದೆ ಎಳೆದಾಡಿದರೆ ಪೈಪು ಸೋರುತ್ತಿದೆ, ಇಜಿಆರ್ ವಾಲ್ವ್ (ಅದರ ಬಗ್ಗೆ ಕೆಳಗಿದೆ) ಮಸಿಯಿಂದ ಕಟ್ಟಿದೆ ಅಥವಾ ವಿಜಿಟಿ ಅಂಟಿದೆ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಟ್ರಾಫಿಕ್‌ನಲ್ಲಿ ಈ ಲ್ಯಾಗ್ ತಪ್ಪಿಸಲು ಹಾಫ್ ಕ್ಲಚ್‌ನಲ್ಲೇ ಓಡಿಸುವವರು ಜಾಸ್ತಿ, ಅಲ್ವಾ?

ಹಿಂದೆ ಕೂತವರು ಹೊಗೆ ನೋಡಲಿ. ಕಪ್ಪು ಬಂದರೆ ಗಾಳಿ ಸಾಲುತ್ತಿಲ್ಲ. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಬರುತ್ತಿದ್ದರೆ ಕೂಲಂಟ್ ಒಳಗೆ ಸೇರುತ್ತಿರಬಹುದು, ಡೀಸೆಲ್ ಪೂರ್ತಿ ಉರಿಯದೆಯೂ ಇರಬಹುದು.

ಇಜಿಆರ್ ಬಗ್ಗೆ ಒಂದು ಮಾತು. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ವಾಲ್ವ್ ಅದು. ನಾಲ್ಕು ಕಿಲೋಮೀಟರ್ ಆಫೀಸಿಗೆ ಮಾತ್ರ ಓಡಿದ ಗಾಡಿಯಲ್ಲಿ ಮಸಿ ಕಟ್ಟಿಯೇ ಕಟ್ಟುತ್ತದೆ. ಬಿಚ್ಚಿ ತೊಳೆಸಿದರೆ ಸರಿಹೋಗುವುದುಂಟು. ತಗಡು ಹಾಕಿ ಮುಚ್ಚಿಬಿಡೋಣ ಅನ್ನುವ ಗ್ಯಾರೇಜಿಗೆ ಕೈಮುಗಿದು ಬನ್ನಿ. ಹೊಗೆ ನಿಯಂತ್ರಣದ ಭಾಗವನ್ನು ಮುಚ್ಚುವುದು ನಿಯಮಬಾಹಿರ.

ಹೆಜ್ಜೆ 6: ಸ್ಕ್ಯಾನರ್

ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್‌ಗಳನ್ನು ಓದಿ ಮೊಬೈಲ್‌ನಲ್ಲಿ ತೋರಿಸುವ ಓಬಿಡಿ ಬ್ಲೂಟೂತ್ ಸ್ಕ್ಯಾನರ್ ಅಗ್ಗಕ್ಕೆ ಸಿಗುತ್ತದೆ. ಪಿ0401 ಬಂದರೆ ಇಜಿಆರ್ ಹರಿವು ಸಾಲದು. ಪಿ0299 ಬಂದರೆ ಟರ್ಬೊ ಒತ್ತಡ ಕಡಿಮೆ. ಪಿ0087 ಅಂದರೆ ರೈಲ್‌ನಲ್ಲಿ ಡೀಸೆಲ್ ಒತ್ತಡ ಸಾಲುತ್ತಿಲ್ಲ, ಮೊದಲು ಡೀಸೆಲ್ ಫಿಲ್ಟರ್ ನೋಡಬೇಕು. ಪಿ0016 ಕಂಡರೆ ಚೈನ್ ಜೋಡಿಸುವ ಕ್ರ್ಯಾಂಕ್ (ಪಿಸ್ಟನ್ ಕಡೆಯ ಶಾಫ್ಟ್) ಮತ್ತು ಕ್ಯಾಮ್ (ವಾಲ್ವ್ ಕಡೆಯ ಶಾಫ್ಟ್) ತಾಳೆಯಾಗುತ್ತಿಲ್ಲ. ಬೆಳಗ್ಗೆ ಖರಖರ ಕೇಳಿದ್ದರೆ ಈಗ ಸಾಕ್ಷಿಯೂ ಸಿಕ್ಕಿತು. ಒಂದೂ ಕೋಡ್ ಇಲ್ಲ ಅಂತ ಖುಷಿಪಡುವ ಮುನ್ನ 'ಕೋಡ್ ಅಳಿಸಿದ ಮೇಲೆ ಓಡಿದ ದೂರ' ಎಂಬ ಸಾಲು ಸಿಗುತ್ತದಾ ಹುಡುಕಿ. ಅಲ್ಲಿ 12 ಕಿ.ಮೀ. ಅಂತಿದ್ದರೆ ನಿಮಗೆ ತೋರಿಸಲಿಕ್ಕೆಂದೇ ಅಳಿಸಿದ್ದಾರೆ.

ಮಳೆಗಾಲ ಕಂಡ ಗಾಡಿಯಾದ್ದರಿಂದ ಸೀಟಿನ ಕೆಳಗಿನ ಕಂಬಿಗಳನ್ನೂ ನೋಡಿಬಿಡಿ. 2024ರ ಜುಲೈನಲ್ಲಿ ಖಡಕ್‌ವಾಸ್ಲಾದಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಪಾರ್ಕಿಂಗ್‌ಗಳೇ ಮುಳುಗಿದ್ದವು. ಕಾರ್ಪೆಟ್ ಅಡಿ ಒಣಗಿದ ಕೆಸರು, ಕಂಬಿಗೆ ತುಕ್ಕು ಇದ್ದರೆ ಮಾತು ಮುಂದುವರಿಸಬೇಡಿ. ನೀರು ನುಗ್ಗಿದ ಎಂಜಿನ್ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಕೊಂಡ ಮೇಲೆ

ಚೈನ್ ಸದ್ದು ಸ್ವಲ್ಪ ಇದ್ದು ಉಳಿದದ್ದೆಲ್ಲ ಚೆನ್ನಾಗಿದ್ದರೆ, ಚೈನ್ ಕಿಟ್ ಮತ್ತು ಕೂಲಿಯ ಎಸ್ಟಿಮೇಟ್ ಬರೆಸಿ ಆ ಮೊತ್ತವನ್ನು ಬೆಲೆಯಲ್ಲಿ ಕಳೆಯಿರಿ. ಮಾಲೀಕರು ಒಪ್ಪದಿದ್ದರೆ ಬೇರೆ ಗಾಡಿ ಸಿಗುತ್ತದೆ, ಇವು ಲಕ್ಷಗಟ್ಟಲೆ ಮಾರಾಟವಾಗಿವೆ. ಮನೆಗೆ ತಂದ ವಾರದಲ್ಲೇ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್ ಮೂರನ್ನೂ ಬದಲಿಸಿ, ಗ್ರೇಡ್ ಮ್ಯಾನುಯಲ್‌ನಲ್ಲಿ ಹೇಳಿದ್ದೇ ಇರಲಿ. ಹದಿನೈದು ದಿನಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ. ಖಂಬಾಟ್ಕಿ ಘಾಟ್ ಹತ್ತಿ ನಿಲ್ಲಿಸಿದರೆ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆರಿಸಿ, ಟರ್ಬೊ ಬಿಸಿ ಇಳಿಯಲಿ. ಸರ್ವೀಸ್ 10,000 ಕಿ.ಮೀ.ಗೆ ಅಂತ ಪುಸ್ತಕದಲ್ಲಿ ಬರೆದಿದ್ದರೂ, ಹಿಂಜವಡಿ ಟ್ರಾಫಿಕ್‌ನಲ್ಲೇ ಓಡುವ ಗಾಡಿಗೆ ನಾನಾದರೆ 7,500ಕ್ಕೇ ಆಯಿಲ್ ಬದಲಿಸುತ್ತೇನೆ.