ಕಲಬುರಗಿಯ ಒಣ ಗಾಳಿಯಲ್ಲಿ ಬಾಲ್ ಪೈಥಾನ್

ಕಲಬುರಗಿಯಲ್ಲಿ ಬಾಲ್ ಪೈಥಾನ್ ಸಾಕಿದ್ದೇನೆ ಅಂದರೆ ಎಲ್ಲರೂ ಮೊದಲು ಕೇಳುವುದು, "ಈ ಬಿಸಲಾಗ ಅದು ಹೆಂಗ ತಡೀತದ್ರಿ?" ಅಂತ. ಬಿಸಿಲು ಕಷ್ಟವೇ. ಆದರೆ ನನ್ನ ಹಾವನ್ನು ಜಾಸ್ತಿ ಕಾಡಿದ್ದು ಒಣ ಗಾಳಿ.

ಇದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ, ಹೆಬ್ಬಾವಿನ ಜಾತಿಯ ಹಾವು. ಅಲ್ಲೂ ಸೆಕೆ ಇದೆ. ಆದರೆ ಹಗಲು ಹೊತ್ತು ಇಲಿ ಬಿಲದಲ್ಲೋ ಗೆದ್ದಲು ಹುತ್ತದಲ್ಲೋ ತೇವದಲ್ಲಿ ಮಲಗಿರುತ್ತದೆ. ಹಾವನ್ನು ಇಡುವ ಪೆಟ್ಟಿಗೆಯ ಒಂದು ಬದಿ 31–32 ಡಿಗ್ರಿ, ಇನ್ನೊಂದು ಬದಿ 26ರ ಆಸುಪಾಸು, ತೇವಾಂಶ ಶೇ 60ರಷ್ಟು ಇದ್ದರೆ ಆರಾಮಾಗಿರುತ್ತದೆ. ನಮ್ಮಲ್ಲಿ ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ಪಸೆಯೇ ಇರುವುದಿಲ್ಲ.

ಅದರ ಪೆಟ್ಟು ಮೊದಲು ಕಾಣುವುದು ಪೊರೆಯಲ್ಲಿ. ಪೊರೆ ಸರಿಯಾಗಿ ಬಿಟ್ಟರೆ ಕಾಲುಚೀಲ ತಿರುಗಿಸಿ ಕಳಚಿದ ಹಾಗೆ ಒಂದೇ ತುಂಡಾಗಿ ಬರುತ್ತದೆ. ಮೊದಲ ಬೇಸಿಗೆಯಲ್ಲಿ ನನ್ನ ಹಾವಿನದು ಚೂರುಚೂರಾಗಿ ಬಂತು. ಬಾಲದ ತುದಿಯಲ್ಲಿ ಒಂದು ಪಟ್ಟಿ ಸುತ್ತಿಕೊಂಡು ಉಳಿಯಿತು. ಅದು ಒಣಗಿ ಬಿಗಿದರೆ ರಕ್ತ ಹರಿಯದೆ ಆ ತುದಿಯೇ ಸತ್ತುಹೋಗಬಹುದು. ಮುಚ್ಚಳಕ್ಕೆ ತೂತು ಹಾಕಿದ ಡಬ್ಬದಲ್ಲಿ ಉಗುರುಬೆಚ್ಚಗಿನ ನೀರಿಗೆ ಅದ್ದಿ ಹಿಂಡಿದ ಟವೆಲ್ ಹಾಸಿ, ಹಾವನ್ನು ಅರ್ಧ ಗಂಟೆ ಬಿಟ್ಟೆ. ಆಮೇಲೆ ಒದ್ದೆ ಬಟ್ಟೆಯನ್ನು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು ಹಾವು ಅದರೊಳಗಿಂದ ತೆವಳಿ ಹೋಗಲು ಬಿಟ್ಟೆ. ಪಟ್ಟಿ ಬಟ್ಟೆಯಲ್ಲೇ ಉಳಿಯಿತು.

ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲಿನ ತೆಳು ಪದರವೂ ಪೊರೆಯ ಜೊತೆಗೇ ಕಳಚಬೇಕು. ಅದಕ್ಕೇ ಪ್ರತಿ ಸಲ ಪೊರೆಯ ತಲೆಭಾಗವನ್ನು ಬೆಳಕಿಗೆ ಹಿಡಿದು, ಎರಡೂ ಗುಂಡನೆಯ ಪದರ ಇವೆಯಾ ಅಂತ ನೋಡುತ್ತೇನೆ. ಇಲ್ಲದಿದ್ದರೆ ದಯವಿಟ್ಟು ಉಗುರಿನಿಂದ ಕೀಳಬೇಡಿ, ಕಣ್ಣೇ ಹೋದೀತು. ಆಗಲೂ ಒದ್ದೆ ಟವೆಲ್ಲಿನ ಡಬ್ಬವೇ ಮದ್ದು. ಅದಕ್ಕೂ ಬಗ್ಗದಿದ್ದರೆ ಡಾಕ್ಟರ್.

ಈಗ ಪೆಟ್ಟಿಗೆ ಒಳಕೋಣೆಯ ನೆಲದ ಮೇಲಿದೆ. ಶಹಾಬಾದ್ ಕಲ್ಲಿನ ನೆಲ ಮಧ್ಯಾಹ್ನವೂ ತಂಪಾಗಿರುತ್ತದೆ. ತಂಪು ಬದಿಯಲ್ಲಿ ಬಾಯಿ ಒಡೆದ ಮಣ್ಣಿನ ಗಡಿಗೆಯನ್ನು ಅಡ್ಡ ಮಲಗಿಸಿದ್ದೇನೆ. ಒಡೆದ ಅಂಚು ಚುಚ್ಚದಂತೆ ಉಜ್ಜಿ, ಒಳಗೆ ಒದ್ದೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕಿದ್ದೇನೆ. ಕಣ್ಣು ಹಾಲುನೀಲಿ ಆಯಿತೆಂದರೆ ಪೊರೆ ಬಿಡುವ ಹೊತ್ತು ಬಂತು ಅಂತ. ಆಗ ಹಾವು ಗಡಿಗೆ ಬಿಟ್ಟು ಬರುವುದೇ ಇಲ್ಲ. ಇಡೀ ಪೆಟ್ಟಿಗೆಯನ್ನು ಮಾತ್ರ ಒದ್ದೆ ಮಾಡಬಾರದು, ಹೊಟ್ಟೆಯ ಹುರುಪೆ ಕೊಳೆಯುತ್ತದೆ. ಕೋಣೆಗೆ ಕೂಲರ್ ಸಾಕು. ಎಸಿ ಗಾಳಿಯನ್ನು ಇನ್ನೂ ಒಣಗಿಸುತ್ತದೆ.

ಡಿಸೆಂಬರ್ ರಾತ್ರಿಯ ಚಳಿಯದ್ದು ಬೇರೆ ಕಾಟ. ಮೂಗಿನ ಹೊಳ್ಳೆಯಲ್ಲಿ ಗುಳ್ಳೆ, ಉಸಿರಾಡುವಾಗ ಸೀಟಿಯಂಥ ಸದ್ದು, ತೆರೆದ ಬಾಯಿ ಕಂಡರೆ ಅದು ಉಸಿರಾಟದ ಸೋಂಕು ಇರಬಹುದು, ಡಾಕ್ಟರ ಹತ್ತಿರ ಹೋಗಲು ತಡಮಾಡಬಾರದು. ಹಾವಿಗೆ ನಮ್ಮ ಹಾಗೆ ಕೆಮ್ಮಿ ಕಫ ಹೊರಹಾಕಲು ಆಗುವುದಿಲ್ಲ. ನಮ್ಮ ಡಾಕ್ಟರು ಇಂಜೆಕ್ಷನ್ ಅನ್ನು ದೇಹದ ಮುಂಭಾಗಕ್ಕೇ ಕೊಟ್ಟರು. ಹಿಂಭಾಗದ ರಕ್ತ ಮೂತ್ರಪಿಂಡದ ಮೂಲಕ ಹಾದುಹೋಗುವುದರಿಂದ ಅಲ್ಲಿ ಕೊಡುವುದನ್ನು ತಪ್ಪಿಸುತ್ತಾರಂತೆ. ಚಳಿಗೆ ಅಂತ ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ಹಾಸು) ಇಟ್ಟರೆ, ಶಾಖವನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಬೇಕೇ ಬೇಕು. ಸುಡುತ್ತಿದ್ದರೂ ಹಾವು ಕೆಲವೊಮ್ಮೆ ಅಲ್ಲೇ ಮಲಗಿರುತ್ತದೆ.

ಎರಡನೇ ಹಾವು ತರುವವರು ಅದನ್ನು ಎರಡು–ಮೂರು ತಿಂಗಳು ಬೇರೆ ಕೋಣೆಯಲ್ಲಿ, ಬಿಳಿ ಕಾಗದದ ಮೇಲೆ ಇಡಿ. ನೀರಿನ ಬಟ್ಟಲಲ್ಲಿ ಕಪ್ಪು ಚುಕ್ಕೆ ತೇಲಿದರೆ ಅದು ಮೈಟ್ಸ್ ಅನ್ನುವ ರಕ್ತ ಹೀರುವ ಹುಳ.

ನಮ್ಮ ಕಾಡಿನ ಹೆಬ್ಬಾವನ್ನಾಗಲಿ ನಾಗರವನ್ನಾಗಲಿ ಮನೆಯಲ್ಲಿ ಸಾಕುವಂತಿಲ್ಲ. ಹೊರದೇಶದ ಈ ಹಾವಿಗೂ 2022ರ ವನ್ಯಜೀವಿ ಕಾಯ್ದೆ ತಿದ್ದುಪಡಿಯ ನಂತರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯ. ಡಾಕ್ಟರ ಹತ್ತಿರ ಹೋಗುವಾಗ ಆ ಕಾಗದದ ಜೊತೆ, ತೂಕ, ಊಟ, ಪೊರೆ ಬಿಟ್ಟ ತಾರೀಖು ಬರೆದ ನೋಟ್‌ಬುಕ್ಕನ್ನೂ ಒಯ್ಯುತ್ತೇನೆ. ಅವರು ಮೊದಲು ಕೇಳುವುದೇ ಅದನ್ನು.